ಅಕ್ಟೋಬರಿನ ಸುಣ್ಣ

ಹೋದ ವಾರ ಮೋಲ್ನ್‌ಡಾಲ್‌ನಲ್ಲಿ ಬಸ್ಸು ತಪ್ಪಿತು. ಮುಂದಿನದಕ್ಕೆ ಇಪ್ಪತ್ತು ನಿಮಿಷವಿತ್ತು, ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಹತ್ತಿರದ ಲೈಬ್ರರಿಗೆ ನುಗ್ಗಿದೆ. ಕೆಳಮಹಡಿಯ ಕೊನೆಯ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಐದಾರು ಹೆಂಗಸರು ಹೆಣಿಗೆ ಹಾಕುತ್ತಾ ಕೂತಿದ್ದರು. ನೆನೆದ ಉಣ್ಣೆಯ ಕೋಟು, ಫ್ಲಾಸ್ಕಿನಲ್ಲಿ ಬಹಳ ಹೊತ್ತು ಕೂತ ಕಾಫಿ, ಏಲಕ್ಕಿ ಹಾಕಿದ ಬನ್ನು, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಒಬ್ಬಾಕೆ ತಲೆಯೆತ್ತಿ ಒಳಗೆ ಬರುತ್ತೀರಾ ಎಂದು ಕೇಳಿದಳು. ಇಲ್ಲ, ಹಿಂದೊಮ್ಮೆ ನಾನೂ ಈ ಕೋಣೆಯಲ್ಲಿ ಕೂರುತ್ತಿದ್ದೆ ಎಂದೆ. "ಹೆಣಿಗೆಗಾ?" ಎಂದಳು. "ಅಲ್ಲ, ಪೋರ್ಚುಗೀಸ್ ಕಟ್ಟಡಗಳಿಗೆ" ಎಂದೆ. ಅದರಲ್ಲಿ ವಿಚಿತ್ರವೇನೂ ಇಲ್ಲವೆಂಬಂತೆ ತಲೆಯಾಡಿಸಿ ಅವಳು ಮತ್ತೆ ಸೂಜಿಗೆ ಮರಳಿದಳು.

ನಾವು ಸ್ವೀಡನ್ನಿಗೆ ಬಂದು ಒಂದೂವರೆ ವರ್ಷವಾಗಿದ್ದ ಕಾಲ ಅದು. ಬಂದದ್ದು ಸುಷ್ಮಾಳ ಕೆಲಸಕ್ಕಾಗಿ. ನನ್ನ ಹೆಂಡತಿ ಔಷಧ ಸಂಶೋಧನೆಯವಳು, ಬಸವನಗುಡಿಯ ಹುಡುಗಿ. ನಾನು ಹುಬ್ಬಳ್ಳಿಯವನು, ಸಿವಿಲ್ ಡಿಪ್ಲೊಮಾ ಮುಗಿಸಿ ಗೋವಾ ಸೇರಿ ಹದಿನಾಲ್ಕು ವರ್ಷ ಹಳೆಯ ಚರ್ಚುಗಳ ದುರಸ್ತಿ ಮಾಡಿದವನು. ಅವಳಿಗೆ ಇಲ್ಲಿ ಲ್ಯಾಬು, ತಂಡ, ಹೆಸರಿನ ಬಿಲ್ಲೆ ಎಲ್ಲ ಸಿಕ್ಕವು. ನನ್ನ ಪರ್ಮಿಟ್ಟಿನಲ್ಲಿ ನಾನು ಅವಳ ಜೊತೆಗೆ ಬಂದವನು ಎಂದಷ್ಟೇ ಇತ್ತು. ಕೆಲಸ ಮಾಡಲು ಅಡ್ಡಿಯಿರಲಿಲ್ಲ, ಕೊಡುವವರು ಇರಲಿಲ್ಲ. ಹೋದಲ್ಲೆಲ್ಲ "ನಿಮ್ಮ ಅನುಭವ ತುಂಬ ಆಸಕ್ತಿಕರವಾಗಿದೆ" ಎನ್ನುತ್ತಿದ್ದರು. ಸ್ವೀಡನ್ನಿನಲ್ಲಿ ಆಸಕ್ತಿಕರ ಎಂದರೆ ಮನೆಗೆ ಹೋಗಿ ಬನ್ನಿ ಎಂದರ್ಥ, ಅದು ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು. ಲಿಂಡ್‌ಹೋಲ್ಮೆನ್‌ನ ಐಟಿ ಕಂಪನಿಗಳಲ್ಲಿದ್ದ ಕನ್ನಡದ ಗೆಳೆಯರು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿ ಎಂದು ಹಿಂದೆ ಬಿದ್ದಿದ್ದರು. ಎರಡು ವಾರ ಕಲಿತೂ ನೋಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಗೋವಾದಲ್ಲಿ ನನ್ನ ಗುರುವೂ ಮಾಲೀಕನೂ ಆಗಿದ್ದವನು ಕಾಯ್ತಾನ್ ಮೇಸ್ತ್ರಿ. ಆ ಸೆಪ್ಟೆಂಬರಿನಲ್ಲಿ ಅವನು ಫೋನ್ ಮಾಡಿ ದೊಡ್ಡದೊಂದು ಚರ್ಚಿನ ಕೆಲಸ ಹಿಡಿದಿದ್ದೇನೆ, ನಿನ್ನ ಜಾಗವನ್ನು ಫೆಬ್ರವರಿಯವರೆಗೆ ಖಾಲಿ ಇಟ್ಟಿರುತ್ತೇನೆ ಎಂದ. ನಾನು ಮನಸ್ಸಿನಲ್ಲೇ ಗಡುವು ಹಾಕಿಕೊಂಡೆ: ಫೆಬ್ರವರಿಯೊಳಗೆ ಇಲ್ಲಿ ಏನೂ ಆಗದಿದ್ದರೆ ನಾನೊಬ್ಬನೇ ಗೋವಾಕ್ಕೆ ಹೋಗುವುದು, ಸುಷ್ಮಾ ಮತ್ತು ಐದು ವರ್ಷದ ಮಗಳು ಅನ್ವಿ ಇಲ್ಲೇ ಇರುವುದು. ಸುಷ್ಮಾಳಿಗೆ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಾ, ತಿರುಗಿಯೂ ನೋಡದೆ, "ನಿನ್ನಿಷ್ಟ ಕಣೋ, ನಾನು ಫೋರ್ಸ್ ಮಾಡಲ್ಲ" ಎಂದಳು. ಹೋಗಬೇಡ ಎನ್ನಲಿಲ್ಲ. ಅದು ನನಗೆ ಚುಚ್ಚಿತು. ನಾನಿಲ್ಲದೆಯೂ ಈ ಮನೆ ನಡೆಯುತ್ತದೆ ಎಂದು ಅವಳಿಗೆ ಗೊತ್ತಾಗಿಬಿಟ್ಟಿದೆ ಅಂದುಕೊಂಡೆ.

ಓದುಕೂಟದ ವಿಷಯ ಬಂದದ್ದು ನನ್ನ ಸ್ವೀಡಿಷ್ ಪಾಠದ ಟೀಚರಿಂದ. ಈ ದೇಶದಲ್ಲಿ ಏನನ್ನಾದರೂ ತಿಳಿಯಬೇಕೆಂದರೆ ಹತ್ತು ಜನ ಸೇರಿ ಒಂದು ಕೂಟ ಮಾಡುತ್ತಾರೆ. ಜೇನು ಸಾಕುವುದಿರಲಿ, ಹಾಡುವುದಿರಲಿ, ವಾರಕ್ಕೊಮ್ಮೆ ಸಂಜೆ ಸೇರಿ, ಫೀಕಾ ಎಂಬ ಕಾಫಿ ವಿರಾಮಕ್ಕೆ ಸರದಿಯಂತೆ ಬನ್ನು ತಂದು, ಕಲಿಯುತ್ತಾರೆ. ನಮ್ಮ ಲೈಬ್ರರಿಯಲ್ಲಿ ಕೆಲವು ನಿವೃತ್ತರು ಈಸ್ಟರಿಗೆ ಪೋರ್ಚುಗಲ್ ಪ್ರವಾಸ ಹೊರಟಿದ್ದರು, ಅದಕ್ಕೆ ಮೊದಲು ಅಲ್ಲಿಯ ಕಟ್ಟಡ ಶೈಲಿಗಳನ್ನು ತಿಳಿಯಬೇಕೆಂದಿದ್ದರು. ಕೂಟಕ್ಕೊಬ್ಬ ಮುಂದಾಳು ಬೇಕಿತ್ತು. "ನೀವು ಪೋರ್ಚುಗೀಸ್ ಚರ್ಚುಗಳಲ್ಲಿ ಕೆಲಸ ಮಾಡಿದವರಲ್ಲವೇ?" ಎಂದರು ಟೀಚರ್. ನಾನು ಪೋರ್ಚುಗಲ್ಲಿನ ಮಣ್ಣು ಮೆಟ್ಟಿದವನೇ ಅಲ್ಲ. ಆದರೆ ಒಂದೂವರೆ ವರ್ಷದ ಮೇಲೆ ಯಾರೋ ನನ್ನನ್ನು ಬಲ್ಲವನು ಎಂದು ಕರೆಯುತ್ತಿದ್ದರು. ಒಪ್ಪಿಕೊಂಡೆ.

ಮೊದಲ ಸಂಜೆ ಹನ್ನೊಂದು ಜನ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಲವತ್ತು ಚಿತ್ರ ಸಿದ್ಧಮಾಡಿಕೊಂಡು ಹೋಗಿದ್ದೆ. "ಪ್ರಶ್ನೆಗಳಿದ್ದರೆ ಕೊನೆಯಲ್ಲಿ ಕೇಳಿ" ಎಂದು ನಮ್ಮ ಡಿಪ್ಲೊಮಾ ಕಾಲೇಜಿನ ಮೇಷ್ಟ್ರ ಗತ್ತಿನಲ್ಲೇ ಹೇಳಿ ಶುರುಮಾಡಿದೆ. ಉತ್ತರದ ಹಳೆಯ ಚರ್ಚುಗಳು, ಒಂದಾಳು ದಪ್ಪದ ಗೋಡೆ, ಅಂಗೈಯಗಲದ ಕಿಟಕಿ, ದೇವರಿಗಿಂತ ಹೆಚ್ಚಾಗಿ ಶತ್ರುವನ್ನು ನೆನೆದು ಕಟ್ಟಿದಂಥವು. ಆಮೇಲೆ ಮೇಲಕ್ಕೆ ಚಾಚಿದ ಗಾಥಿಕ್. ಆಮೇಲೆ ಸಮುದ್ರದ ದುಡ್ಡು ಹರಿದುಬಂದ ಕಾಲದ ಮ್ಯಾನುಯೆಲೀನ್ ಶೈಲಿ: ಕಿಟಕಿಯ ಸುತ್ತ ಕಲ್ಲಿನಲ್ಲೇ ಹುರಿಗೊಳಿಸಿದ ಹಡಗಿನ ಹಗ್ಗ, ಹವಳ, ಗಂಟು. ಅದರ ಮೇಲೆ, ಅಷ್ಟೆಲ್ಲ ಅಲಂಕಾರಕ್ಕೆ ಬೇಸತ್ತವರಂತೆ, ಸಪಾಟು ಗೋಡೆಯ ಸರಳ ಶೈಲಿ. ಗೋವಾಕ್ಕೆ ಬಂದದ್ದು ಹೆಚ್ಚಾಗಿ ಅದೇ. ಮತ್ತೆ ಒಳಗೆಲ್ಲ ಚಿನ್ನದ ಮುಲಾಮಿನ ಮರಗೆತ್ತನೆ, ಗೋಡೆಗೆ ನೀಲಿ ಹೆಂಚು. ಎರಡು ಗಂಟೆ ಮಾತಾಡಿದೆ. ಯಾರೂ ತುಟಿ ಬಿಚ್ಚಲಿಲ್ಲ. ಮನೆಗೆ ಬಂದು, "ಪಿನ್ ಡ್ರಾಪ್ ಸೈಲೆನ್ಸ್ ಗೊತ್ತಾ!" ಎಂದು ಸುಷ್ಮಾಳ ಮುಂದೆ ಬೀಗಿದೆ.

ಮುಂದಿನ ವಾರ ಏಳೇ ಜನ. ಅಂದು ಚಿನ್ನದ ಬಲಿಪೀಠವೊಂದನ್ನು ತೋರಿಸುತ್ತಿದ್ದಾಗ ಮೂಲೆಯಲ್ಲಿದ್ದ ಕುಳ್ಳಗಿನ ಮುದುಕಿಯೊಬ್ಬಳು ಕೈಯೆತ್ತಿದಳು. ಹೆಸರು ಲುರ್ದಿಸ್, ಹರೆಯದಲ್ಲೇ ಪೋರ್ಚುಗಲ್ಲಿನಿಂದ ಬಂದು ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. "ನಮ್ಮೂರಿನಲ್ಲಿ ಇದ್ಯಾವುದೂ ಇರಲಿಲ್ಲ" ಎಂದಳು. "ಮನೆ ಬೆಳ್ಳಗಿತ್ತು. ಬುಡಕ್ಕೊಂದು ನೀಲಿ ಪಟ್ಟಿ. ಪ್ರತಿ ವರ್ಷ ಅಮ್ಮ ಸುಣ್ಣ ಬಳಿಯುತ್ತಿದ್ದಳು. ಅದು ಯಾವ ಶೈಲಿ?"

"ಅದು ಶೈಲಿಯಲ್ಲ, ಬರೀ ಮನೆ" ಎಂದೆ ನಾನು. ಇವತ್ತಿಗೂ ಆ ಮಾತು ನೆನೆದರೆ ನಾಚಿಕೆಯಾಗುತ್ತದೆ. ಹದಿನಾಲ್ಕು ವರ್ಷ ಸುಣ್ಣದಲ್ಲೇ ಕೈ ಅದ್ದಿ ಬದುಕಿದವನು ನಾನು. ಆ ಮುದುಕಿಯ ಅಮ್ಮ ನನ್ನ ಕಸುಬಿನವಳು. ಲುರ್ದಿಸ್ ಕೈ ಇಳಿಸಿದಳು.

ಕೂಟ ಮುಗಿದ ಮೇಲೆ ಕುರ್ಚಿ ಜೋಡಿಸುತ್ತಿದ್ದಾಗ ಯೋರನ್ ಹತ್ತಿರ ಬಂದ. ಚರ್ಚೊಂದರ ಮೇಲ್ವಿಚಾರಕನಾಗಿದ್ದ ಎತ್ತರದ ಮನುಷ್ಯ, ದಿನಕ್ಕೆ ಇಷ್ಟೇ ಮಾತು ಎಂದು ಅಳೆದಿಟ್ಟುಕೊಂಡವನು. "ಇಲ್ಲಿ ಮುಂದಾಳು ಅಂದರೆ ಟೀಚರಲ್ಲ" ಎಂದ. "ಕಾಫಿ ಎಲ್ಲರಿಗೂ ಸಿಕ್ಕಿತಾ ಅಂತ ನೋಡುವವನು." ಅಷ್ಟು ಹೇಳಿ ಹೋದ. ಮುಖಕ್ಕೆ ಮಂಗಳಾರತಿಯಾದಂತಾಗಿತ್ತು. ಎರಡು ದಿನ ಮುನಿಸಿಕೊಂಡಿದ್ದೆ. ಮೂರನೇ ದಿನ ಮುನಿಸು ಇಳಿಯಿತು, ಯಾಕೆಂದರೆ ಅವನು ಹೇಳಿದ್ದು ನಿಜ.

ಮೂರನೇ ವಾರ ಚಿತ್ರಗಳನ್ನು ಮನೆಯಲ್ಲೇ ಬಿಟ್ಟೆ. ಐಸ್‌ಕ್ಯಾಂಡಿ ಕಡ್ಡಿ, ದಾರ, ಅನ್ವಿಯ ಆಟದ ಮಣ್ಣು ತೆಗೆದುಕೊಂಡು ಹೋದೆ. ಲಿಸ್ಬನ್ ನಗರ ಭೂಕಂಪದಲ್ಲಿ ನೆಲಸಮವಾದ ಮೇಲೆ ಹೊಸ ಮನೆಗಳ ಗೋಡೆಯೊಳಗೆ ಮರದ ಪಂಜರ ಕಟ್ಟತೊಡಗಿದರಂತೆ. ನೆಲ ನಡುಗಿದರೆ ಗಾರೆ ಉದುರಿದರೂ ಪಂಜರ ನಿಲ್ಲಲಿ ಎಂದು. ಮಾದರಿಯೊಂದನ್ನು ಚೌಕದಲ್ಲಿಟ್ಟು, ಸುತ್ತ ಸೈನಿಕರನ್ನು ಕುಣಿಸಿ ಪರೀಕ್ಷಿಸಿದರೆಂದು ಕತೆಯಿದೆ. ನಾವೂ ಕಡ್ಡಿಯ ಪಂಜರ ಕಟ್ಟಿ ನೆಲದ ಮೇಲಿಟ್ಟೆವು. ಎಪ್ಪತ್ತು ದಾಟಿದ ಏಳು ಜನ ಅದರ ಸುತ್ತ ದಪದಪ ಹೆಜ್ಜೆ ಹಾಕಿದರು. ಮೇಲಿನಿಂದ ಲೈಬ್ರರಿಯವಳು ಓಡಿಬಂದು, ಏನಾಯಿತೆಂದು ಕೇಳಿ, ತಾನೂ ಎರಡು ಸುತ್ತು ಕುಣಿದು ಹೋದಳು. ಮಣ್ಣು ಉದುರಿತು, ಪಂಜರ ನಿಂತಿತು. ಅಂದು ನಾನು ಲುರ್ದಿಸಳ ಪಕ್ಕ ಕೂತು, ನಿಮ್ಮಮ್ಮ ಸುಣ್ಣ ಹೇಗೆ ಬಳಿಯುತ್ತಿದ್ದರು ಹೇಳಿ ಎಂದೆ. ಅವಳು ಒಂದು ಗಂಟೆ ಹೇಳಿದಳು. ಎಲ್ಲರೂ ಕೇಳಿದರು. ನಾನು ಕಾಫಿ ಬಗ್ಗಿಸಿದೆ.

ಲುರ್ದಿಸಳಿಗೆ ಊರ ಹೊರಗೆ ಕಮ್ಯೂನಿನವರು, ಅಂದರೆ ಇಲ್ಲಿಯ ನಗರಸಭೆಯವರು, ತೋಟಕ್ಕೆಂದು ಕೊಡುವ ಒಂದು ತುಂಡು ಭೂಮಿಯಿತ್ತು. ಅದರಲ್ಲೊಂದು ಗಾರೆ ಮೆತ್ತಿದ ಇಟ್ಟಿಗೆಯ ಸಣ್ಣ ಮನೆ. ಗಂಡನಿದ್ದಾಗಿನಿಂದ ಅದನ್ನು ಬೆಳ್ಳಗೆ ಮಾಡಬೇಕೆಂದು ಅವಳ ಆಸೆ. ಡಬ್ಬದ ಪೇಂಟ್ ಬೇಡ, ಸುಣ್ಣವೇ ಆಗಬೇಕು. ಆಗ ಅಕ್ಟೋಬರ್ ಮಧ್ಯ. ಗೋವಾದಲ್ಲಿ ಅಕ್ಟೋಬರ್ ಎಂದರೆ ಸುಣ್ಣದ ತಿಂಗಳು. ಮಳೆ ಹಿಂದೆಗೆದು ಗೋಡೆ ಆರತೊಡಗುವ ಹೊತ್ತು. ಹುಬ್ಬಳ್ಳಿಯಲ್ಲೂ ದಸರಾ ದೀಪಾವಳಿ ಬಂತೆಂದರೆ ಸುಣ್ಣ ಬಣ್ಣ. "ಇದೇ ಸರಿಯಾದ ಕಾಲ" ಎಂದು ನಾನು ಘೋಷಿಸಿದೆ. "ಈ ಶನಿವಾರವೇ ಬಳಿಯೋಣ."

ಆ ಶನಿವಾರ ಬಿಸಿಲಿತ್ತು. ಕೂಟದ ಏಳೂ ಜನ ಬಂದರು, ಸುಷ್ಮಾ ಅನ್ವಿಯನ್ನು ಕರೆತಂದಳು. ಮುಂಭಾಗದ ಗೋಡೆ ಉಜ್ಜಿ ನೀರುಣಿಸಿ, ಚೀಲದ ಸುಣ್ಣ ಕದಡಿ, ಎರಡು ಕೈ ಬಳಿದೆವು. ಅನ್ವಿ ತನ್ನೆತ್ತರಕ್ಕೆ ಬಳಿದಳು, ದಿನಾ ಬೆಳಿಗ್ಗೆ ನಾನು ಬಿಟ್ಟುಬರುತ್ತಿದ್ದ ಡಾಗಿಸ್ ಎಂಬ ಶಿಶುವಿಹಾರದಲ್ಲಿ ಕಲಿತ ಹಾಡನ್ನು ಸ್ವೀಡಿಷ್‌ನಲ್ಲಿ ಹೇಳುತ್ತಾ. ಯೋರನ್ ಮಾತ್ರ ಒಂದು ಕೈ ಜೇಬಿನಲ್ಲಿಟ್ಟು ಆಗಾಗ ಆಕಾಶ ನೋಡುತ್ತಿದ್ದ. ಸಂಜೆಗೆ ಗೋಡೆ ಬಿಳಿಯಾಯಿತು. ಲುರ್ದಿಸ್ ದೂರ ನಿಂತು, ಹತ್ತಿರ ಬಂದು, ಮತ್ತೆ ದೂರ ಹೋಗಿ ನೋಡಿದಳು. ನನ್ನೆರಡೂ ಕೈ ಹಿಡಿದು ಪೋರ್ಚುಗೀಸಿನಲ್ಲಿ ಏನೋ ಹೇಳಿದಳು. ಬಹಳ ಕಾಲದ ಮೇಲೆ ನಾನು ಅಂದು ಸಂತೋಷದಿಂದಿದ್ದೆ.

ಮಂಗಳವಾರದ ಹೊತ್ತಿಗೆ ಗಾಳಿ ತಿರುಗಿ ಹಿಮ ಕಚ್ಚಿತು. ಬೆಳಿಗ್ಗೆ ಕಾರುಗಳ ಗಾಜಿನ ಮೇಲೆ ಬಿಳಿ ಪೊರೆ. ಗುರುವಾರ ಲುರ್ದಿಸ್ ಫೋನ್ ಮಾಡಿ, ಸಾಧ್ಯವಾದರೆ ಒಮ್ಮೆ ಬಾ ಎಂದಳು. ಹೋದೆ. ಯೋರನ್ ಆಗಲೇ ಅಲ್ಲಿದ್ದ. ಗೋಡೆಯ ಸುಣ್ಣ ಹಪ್ಪಳದಂತೆ ಎದ್ದು ಬುಡದಲ್ಲಿ ರಾಶಿ ಬಿದ್ದಿತ್ತು. ಬೆರಳು ತಾಗಿಸಿದರೆ ಉಳಿದದ್ದೂ ಪುಡಿಯಾಗುತ್ತಿತ್ತು. ಒಣಗಿ ಗಟ್ಟಿಯಾಗುವ ಮೊದಲೇ ಒಳಗಿನ ನೀರು ಹೆಪ್ಪುಗಟ್ಟಿ ಸುಣ್ಣವನ್ನು ಎಬ್ಬಿಸಿಹಾಕಿತ್ತು. ಹಿಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಗೋವಾದಲ್ಲಿ ನನಗೆ ಯಾರು ಕಲಿಸಿಯಾರು?

"ಇಲ್ಲಿ ಆಗಸ್ಟ್ ಮುಗಿದ ಮೇಲೆ ಯಾರೂ ಸುಣ್ಣ ಬಳಿಯುವುದಿಲ್ಲ" ಎಂದ ಯೋರನ್. "ಮೇ ತಿಂಗಳವರೆಗೆ ಕಾಯುತ್ತಾರೆ."

ನನಗೆ ಸಿಟ್ಟು ನೆತ್ತಿಗೇರಿತು. ಸ್ವೀಡಿಷ್, ಇಂಗ್ಲಿಷ್ ಎರಡೂ ಮರೆತು, "ಮತ್ತ ಅವತ್ತ ಯಾಕ ಹೇಳ್ಲಿಲ್ಲೋ ಮಾರಾಯಾ? ಬಾಯಾಗ ಏನ್ ಕಡುಬು ಇಟ್ಕೊಂಡಿದ್ದಿ?" ಎಂದು ಅಪ್ಪಟ ಹುಬ್ಬಳ್ಳಿಯಲ್ಲಿ ಕೂಗಿದೆ. ಅವನು ಅರ್ಥವಾಯಿತೆಂಬಂತೆ ಕಾದು ನಿಂತ. ಮತ್ತೆ ಸ್ವೀಡಿಷ್‌ನಲ್ಲಿ ಕೇಳಿದೆ.

"ಪ್ರಶ್ನೆಗಳನ್ನು ಕೊನೆಯಲ್ಲಿ ಕೇಳಿ ಅಂದಿದ್ದೆಯಲ್ಲ" ಎಂದ. "ಮತ್ತೆ, ನೀನು ಬಲ್ಲವನು. ನಮಗೆ ತಿಳಿಯದ ಪೋರ್ಚುಗೀಸ್ ವಿಧಾನವೇನೋ ಇರಬೇಕು ಅಂದುಕೊಂಡೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲುರ್ದಿಸಳ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳೇ ಪೊರಕೆ ತಂದು ಉದುರಿದ್ದನ್ನು ಗುಡಿಸಿದಳು. "ಅಮ್ಮ ಬಳಿದದ್ದೂ ಉದುರುತ್ತಿತ್ತು. ಅದಕ್ಕೇ ಪ್ರತಿ ವರ್ಷ ಬಳಿಯುತ್ತಿದ್ದಳು" ಎಂದಳು. ಅವಳು ಸಮಾಧಾನಕ್ಕೆ ಹೇಳಿದ್ದು, ನನಗೆ ಸಮಾಧಾನವಾಗಲಿಲ್ಲ. ನನಗೆ ಗೊತ್ತಿದ್ದ ಒಂದೇ ಕೆಲಸವೂ ಈ ದೇಶದಲ್ಲಿ ನನಗೆ ಬರುವುದಿಲ್ಲ ಎಂದಾಯಿತು. ಆ ಸಂಜೆಯೇ ಕಾಯ್ತಾನ್ ಮೇಸ್ತ್ರಿಗೆ ಬರುತ್ತೇನೆ ಎಂದು ಸಂದೇಶ ಕಳಿಸಿ, ಫೆಬ್ರವರಿ ಕೊನೆಯ ವಾರದ ಟಿಕೆಟ್ ಮಾಡಿದೆ. ಸುಷ್ಮಾಳಿಗೆ ತೋರಿಸಿದೆ. ಅವಳು ತಾರೀಕನ್ನು ಎರಡು ಸಲ ಓದಿ, "ಓಕೆ" ಎಂದಳು. ಮತ್ತೆ ಅಷ್ಟೇ.

ನವೆಂಬರ್ ಬಂತು. ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕಾದ, ಮನುಷ್ಯನ ಮನಸ್ಸನ್ನೇ ಹಿಂಡುವ ತಿಂಗಳು. ಕೂಟಕ್ಕೆ ಇನ್ನು ಹೋಗಬಾರದು ಎಂದುಕೊಂಡಿದ್ದೆ, ಆದರೆ ಮುಂದಿನ ಬುಧವಾರ ಬನ್ನಿನ ಸರದಿ ನನ್ನದಿತ್ತು. ಕೆಲಸ ಬಿಡಬಹುದು, ಬನ್ನಿನ ಸರದಿ ತಪ್ಪಿಸುವಂತಿಲ್ಲ. ಸುಷ್ಮಾ ಮಾಡಿಕೊಟ್ಟ ರವೆ ಉಂಡೆ ಒಯ್ದೆ. ಕೋಣೆ ತುಂಬಿತ್ತು; ಬಿಟ್ಟುಹೋಗಿದ್ದ ನಾಲ್ವರೂ ಮರಳಿದ್ದರು. ಉದುರಿದ ಗೋಡೆಯ ಸುದ್ದಿ ಅವರಿಗೆ ತಲುಪಿತ್ತು. ತಪ್ಪು ಮಾಡಬಲ್ಲ ಮುಂದಾಳುವಿನ ಹತ್ತಿರ ಮಾತಾಡುವುದು ಅವರಿಗೆ ಸುಲಭವಾಗಿತ್ತೇನೋ. ಅಂದು ಪ್ರಶ್ನೆಗಳ ಮಳೆ. ಗೋವಾದ ಮೆತ್ತಗಿನ ಕೆಂಪು ಕಲ್ಲಿಗೆ ಸುಣ್ಣವೇ ಯಾಕೆ ಬೇಕು? ಕಿಟಕಿಗೆ ಗಾಜಿನ ಬದಲು ಚಿಪ್ಪು ಕೂರಿಸಿದರೆ ಬೆಳಕು ಹೇಗಿರುತ್ತದೆ? ಅಲ್ಲಿಯ ಕುಶಲಕರ್ಮಿಗಳು ಕೆತ್ತಿದ ದೇವದೂತರ ಕೈಯಲ್ಲಿ ಮಾವಿನೆಲೆ, ಗೋಡಂಬಿ ಹೇಗೆ ಬಂದವು? ಒಂದೊಂದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಯಾರೂ ಪುಸ್ತಕದಲ್ಲಿ ಬರೆಯದ, ಕೈಯಲ್ಲೇ ಕಲಿತ ಉತ್ತರಗಳು.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಯೋರನ್ ನನ್ನನ್ನು ತಾನು ಕೆಲಸ ಮಾಡಿದ್ದ ಹಳ್ಳಿಯ ಚರ್ಚಿಗೆ ಕರೆದೊಯ್ದ. ಹಿತ್ತಲಿನಲ್ಲಿ ಮರದ ಹಲಗೆ, ಅದರ ಮೇಲೆ ಹುಲ್ಲು, ಅದರ ಮೇಲೆ ಹಿಮ. ಸರಿಸಿದರೆ ಕೆಳಗೆ ಗುಂಡಿ. ಗುಂಡಿಯ ತುಂಬ ಬೆಣ್ಣೆಯಂಥ ಸುಣ್ಣ. "ಹನ್ನೆರಡು ವರ್ಷದ್ದು" ಎಂದ. "ನಾನೇ ಅರಳಿಸಿ ಇಟ್ಟದ್ದು. ಹಳೆಯದಾದಷ್ಟೂ ಚೆನ್ನ." ಕಾಯ್ತಾನ್ ಮೇಸ್ತ್ರಿಯೂ ಇದೇ ಮಾತು ಹೇಳುತ್ತಿದ್ದ. ಮೊಣಕಾಲೂರಿ ಬೆರಳಿನಿಂದ ಸ್ವಲ್ಪ ತೆಗೆದು ನೋಡಿದೆ. ಇಷ್ಟು ಒಳ್ಳೆಯ ಸುಣ್ಣವನ್ನು ಗೋವಾದಲ್ಲೂ ಕಂಡಿರಲಿಲ್ಲ.

"ಲುರ್ದಿಸ್ ಮನೆಗೆ ಮೇನಲ್ಲಿ ಇದನ್ನು ಕೊಡುತ್ತೇನೆ" ಎಂದ. "ನೀನು ಮೇನಲ್ಲಿ ಇರುತ್ತೀಯಲ್ಲ?"

ಅಷ್ಟು ದಿನಗಳಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವನು. "ಇಲ್ಲ, ಫೆಬ್ರವರಿಗೆ ಹೊರಡುತ್ತೇನೆ" ಎಂದೆ. ಅವನು ಹಲಗೆ ಮುಚ್ಚಿ, ಹುಲ್ಲು ಹರಡಿ, "ಹಾಗಾದರೆ ಯಾರು ಬಳಿಯುತ್ತಾರೆ?" ಎಂದ.

ಹೊರಡಲು ಹತ್ತು ದಿನವಿದ್ದಾಗ ಕಾಯ್ತಾನ್ ಮೇಸ್ತ್ರಿ ಫೋನ್ ಮಾಡಿದ. ಅವನದು ಕೊಂಕಣಿ, ನನ್ನದು ಅವನಿಂದಲೇ ಕಲಿತ ಕೊಂಕಣಿ. ಬಟ್ಟೆ ಕಟ್ಟಿದೆಯಾ, ಅಲ್ಲಿ ಏನೇನು ಕೆಲಸ ಮಾಡಿದೆ ಎಂದು ವಿಚಾರಿಸಿದ. ಒಂದೇ ಒಂದು ಗೋಡೆ ಎಂದೆ.

"ಎಷ್ಟು ದೊಡ್ಡದು?"

"ಹತ್ತಡಿ ಅಗಲ."

"ಹೇಗೆ ಬಂತು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅಕ್ಟೋಬರ್, ಹಿಮ, ಹಪ್ಪಳದಂತೆ ಎದ್ದ ಸುಣ್ಣ ಎಲ್ಲ ಹೇಳಿದೆ. ಅತ್ತ ಕಡೆ ಮೇಸ್ತ್ರಿ ನಗುತ್ತಾನೆ ಅಂದುಕೊಂಡೆ. ನಗಲಿಲ್ಲ.

"ಉದುರಿದ ಗೋಡೆ ಹಾಗೇ ಬಿಟ್ಟು ಬರ್ತಿದೀಯಾ?"

"ಇಲ್ಲಿ ಮೇವರೆಗೆ ಬಳಿಯೋಕೆ ಆಗಲ್ಲ ಮೇಸ್ತ್ರಿ."

"ಮೇವರೆಗೆ ಆಗದಿದ್ದರೆ ಮೇನಲ್ಲಿ ಬಳಿ. ನಿನ್ನ ಕೈಯಲ್ಲಿ ಕೆಟ್ಟದ್ದನ್ನು ನಿನ್ನ ಕೈಯಲ್ಲೇ ಸರಿ ಮಾಡಬೇಕು. ಮಾಡದೆ ಬಂದವನಿಗೆ ನನ್ನ ಹತ್ತಿರ ಬಕೆಟ್ ಹಿಡಿಯೋ ಕೆಲಸವೂ ಇಲ್ಲ. ಜೂನ್ ತನಕ ಕಾಯ್ತೇನೆ." ಫೋನಿಟ್ಟ.

ನಮ್ಮ ಕಸುಬಿನ ನಿಯಮವೇ ಅದು, ನನಗೂ ಗೊತ್ತಿದ್ದದ್ದೇ, ದುಃಖದಲ್ಲಿ ಮರೆತಿದ್ದೆ. ಟಿಕೆಟ್ಟನ್ನು ಜೂನ್ ಮೊದಲ ವಾರಕ್ಕೆ ಮುಂದೂಡಿದೆ. ಸುಷ್ಮಾ ಅದಕ್ಕೂ "ಓಕೆ" ಎಂದಳು, ಆದರೆ ಆ ಸಲ ಎದ್ದು ಹೋಗಿ ಬಾತ್‌ರೂಮಿನಲ್ಲಿ ಬಹಳ ಹೊತ್ತು ನೀರು ಬಿಟ್ಟುಕೊಂಡು ನಿಂತಿದ್ದಳು. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಕೂಟದವರು ಈಸ್ಟರಿಗೆ ಪೋರ್ಚುಗಲ್ಲಿಗೆ ಹೋಗಿಬಂದರು. ಹಗ್ಗದ ಕಿಟಕಿ, ಚಿನ್ನದ ಪೀಠ ಎಲ್ಲದರ ಚಿತ್ರ ತಂದರು. ಹೆಚ್ಚಿನವು ಮಾತ್ರ ಯಾರದೋ ಮನೆಯ ಬಿಳಿ ಗೋಡೆಗಳವು. ಲುರ್ದಿಸ್ ನೀಲಿ ಪುಡಿಯ ಒಂದು ಪೊಟ್ಟಣ ತಂದಿದ್ದಳು.

ಮೇ ತಿಂಗಳ ಮೂರನೇ ಶನಿವಾರ. ಮೋಡವಿತ್ತು, ಗಾಳಿಯಿರಲಿಲ್ಲ, ಸುಣ್ಣಕ್ಕೆ ಹೇಳಿ ಮಾಡಿಸಿದ ದಿನ. ಹಳೆಯದನ್ನೆಲ್ಲ ಕೆರೆದು, ಗೋಡೆ ಸಾಕೆನ್ನುವವರೆಗೆ ನೀರು ಕುಡಿಸಿದೆ. ಯೋರನ್ನನ ಸುಣ್ಣವನ್ನು ಹಾಲಿನಷ್ಟು ತೆಳ್ಳಗೆ ಕದಡಿದೆ. ಈ ಸಲ ಶುರುಮಾಡುವ ಮೊದಲು ಎಲ್ಲರನ್ನೂ ಕೇಳಿದೆ: "ಏನಾದರೂ ತಪ್ಪಿದ್ದರೆ ಈಗಲೇ ಹೇಳಿ." ಯೋರನ್ ಆಕಾಶ ನೋಡಿ, ಜೇಬಿನಿಂದ ಕೈ ತೆಗೆದು, ತಾನೂ ಒಂದು ಬ್ರಷ್ ಎತ್ತಿಕೊಂಡ. ಹಸಿ ಸುಣ್ಣ ಬಳಿದಾಗ ಕಾಣಿಸುವುದೇ ಇಲ್ಲ, ಗೋಡೆ ಬರೀ ಒದ್ದೆಯಾದಂತಿರುತ್ತದೆ. ಆರುತ್ತಾ ಆರುತ್ತಾ ಬಿಳುಪು ಒಳಗಿನಿಂದ ಬರುತ್ತದೆ. ಬೆಳಿಗ್ಗೆ ಒಂದು ಕೈ, ಮರುದಿನ ಒಂದು, ಅದರ ಮರುದಿನ ಇನ್ನೊಂದು. ಕೊನೆಗೆ ಲುರ್ದಿಸ್ ತಾನೇ ಕೂತು ಬುಡಕ್ಕೆ ನೀಲಿ ಪಟ್ಟಿ ಎಳೆದಳು. ಪಟ್ಟಿ ಸೊಟ್ಟಗಾಯಿತು. ಅದನ್ನು ತಿದ್ದಲು ಯಾರೂ ಹೋಗಲಿಲ್ಲ.

ಆ ಕೊನೆಯ ದಿನ ಯೋರನ್ ಒಬ್ಬ ಹೆಂಗಸನ್ನು ಕರೆತಂದಿದ್ದ. ಹಳೆಯ ಚರ್ಚು, ಮನೆಗಳಿಗೆ ಸುಣ್ಣ ಗಾರೆ ಮಾಡುವ ಸಣ್ಣ ತಂಡದವಳು. ಅವಳು ಗೋಡೆಯನ್ನು ಬೆರಳಿನಿಂದ ಉಜ್ಜಿ ನೋಡಿದಳು, ನನ್ನ ಬ್ರಷ್ ಹಿಡಿತ ನೋಡಿದಳು, ಅಕ್ಟೋಬರಿನ ಕತೆ ನಾನೇ ಹೇಳಿದಾಗ ನಕ್ಕಳು. "ಆ ತಪ್ಪು ಒಮ್ಮೆ ಮಾಡಿದವರೇ ನನಗೆ ಬೇಕು, ಎರಡನೇ ಸಲ ಮಾಡುವುದಿಲ್ಲ" ಎಂದಳು. ಮೇಯಿಂದ ಆಗಸ್ಟ್ ತನಕ ಸುಣ್ಣದ ಕಾಲ, ಜನ ಸಾಲದು, ಕಟ್ಟಕಡೆಯ ಸಹಾಯಕನಾಗಿ ಬರುತ್ತೀಯಾ ಎಂದು ಕೇಳಿದಳು. ಆಸಕ್ತಿಕರ ಎನ್ನಲಿಲ್ಲ. ಮುಂದಿನ ಸೋಮವಾರ ಬಾ ಎಂದಳು.

ಮನೆಗೆ ಬಂದಾಗ ಸಂಜೆ ಏಳು, ಹೊರಗೆ ಇನ್ನೂ ನಿಚ್ಚಳ ಬಿಸಿಲು. ಸುಷ್ಮಾ ಅಡುಗೆಮನೆಯ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಕೈ ತೊಳೆಯದೆಯೇ ಹೇಳಿದೆ: ಕೆಲಸ ಸಿಕ್ಕಿತು, ಸಣ್ಣದು, ಮೂರು ತಿಂಗಳಿನದು, ನಾನು ಜೂನಿನಲ್ಲಿ ಹೋಗುವುದಿಲ್ಲ. ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ಅವಳ ರಾಜೀನಾಮೆ ಪತ್ರವಿತ್ತು. ಜೂನ್ ಕೊನೆಗೆ ಬಿಡುತ್ತೇನೆಂದು ಬರೆದದ್ದು, ಇನ್ನೂ ಕಳಿಸದ್ದು.

"ಜನವರಿಯಲ್ಲೇ ಬರ್ದಿದ್ದೆ" ಎಂದಳು. "ಆಗ ಡೇಟ್ ಫೆಬ್ರವರಿ ಅಂತಿತ್ತು. ನೀನು ಟಿಕೆಟ್ ಪೋಸ್ಟ್‌ಪೋನ್ ಮಾಡ್ದಾಗ ನಾನೂ ಚೇಂಜ್ ಮಾಡ್ದೆ. ನೀನು ಒಬ್ನೇ ಹೋಗ್ತೀಯ, ನಾವು ಇಲ್ಲಿರ್ತೀವಿ ಅಂತ ನಿಜವಾಗ್ಲೂ ಅನ್ಕೊಂಡಿದ್ಯಾ?"

"ಮತ್ತೆ ಹೋಗ್ಬೇಡ ಅಂತ ಒಂದ್ ಮಾತು ಯಾಕೆ ಅನ್ಲಿಲ್ಲ?"

"ಅಂದಿದ್ರೆ ನೀನು ಇರ್ತಿದ್ದೆ ಕಣೋ. ಕೆಲ್ಸ ಇಲ್ದೆ, ನನಗೋಸ್ಕರ, ಮುಖ ಊದಿಸ್ಕೊಂಡು. ನನಗೆ ಆ ಥರ ಇರೋನು ಬೇಕಿರ್ಲಿಲ್ಲ."

ನನಗೆ ಅಳು ಬಂತು. ಅತ್ತುಬಿಟ್ಟೆ. ಅಷ್ಟು ತಿಂಗಳು ಅವಳ ಮೌನವನ್ನು ತಪ್ಪಾಗಿ ಓದಿದ್ದೆನಲ್ಲ ಎಂಬ ಸಂಕಟ ಒಂದು ಪಾಲು, ಉಳಿದದ್ದೆಲ್ಲ ಬರೀ ಸಂತೋಷ. ಅವಳು ಪತ್ರವನ್ನು ಅಳಿಸಿ, ಲ್ಯಾಪ್‌ಟಾಪ್ ಮುಚ್ಚಿ, ಮೂಗು ಒರೆಸಿಕೊಂಡಳು.

"ಸೋಮವಾರ ಎಷ್ಟ್ ಗಂಟೆಗೆ ಹೋಗ್ಬೇಕು?"

"ಆರೂವರೆಗೆ."

"ಸರಿ" ಎಂದಳು. "ಹಾಗಾದ್ರೆ ಅನ್ವೀನ ಡಾಗಿಸ್‌ಗೆ ನಾನು ಬಿಡ್ತೀನಿ."